ಇಂಜಿನ್ ಇಲ್ಲದ ಮೋಟಾರು ವಾಹನ

ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡು ಓವರ್‌ಟೇಕ್ ಮಾಡಲಾಗದೆ ಒದ್ದಾಡಿದವರಿಗೆಲ್ಲ ಒಂದು ಕೆಲಸ ಕೊಡುತ್ತೇನೆ. ಮುಂದಿನ ಸಲ ಬೈದುಕೊಳ್ಳುವ ಬದಲು ಆ ಟ್ರೇಲರ್ ಮೇಲೆ ಏನೇನು ಬರೆದಿದೆ ಅಂತ ಓದಿ. ನಮ್ಮ ಚನ್ನಗಿರಿ ಕಡೆ ಮೊದಲು ಮನೆದೇವರ ಹೆಸರು, ಆಮೇಲೆ ಮಕ್ಕಳ ಹೆಸರು. ಕಾಗದಪತ್ರ ಸರಿ ಇರುವ ಟ್ರೇಲರ್ ಆದರೆ ಹಿಂಬದಿಯಲ್ಲಿ ಒಂದು ನಂಬರು, ಪಕ್ಕದಲ್ಲಿ ಇನ್ನೊಂದು. ಎಷ್ಟೋ ಸಲ ಎರಡಕ್ಕೂ ಒಂದೇ ಅಂಕಿ ವ್ಯತ್ಯಾಸ. ದೇವರ ಹೆಸರಷ್ಟೇ ಇದ್ದು ನಂಬರೇ ಇಲ್ಲದವೂ ಬೇಕಾದಷ್ಟಿವೆ, ಅವುಗಳ ಇನ್ಶೂರೆನ್ಸ್ ದೇವರೇ ಕಟ್ಟಬೇಕು :)

ಒಂದು ಗಾಡಿಗೆ ಎರಡು ನಂಬರು ಯಾಕೆ? ಕಾನೂನಿನ ಕಣ್ಣಿಗೆ ಅದು ಒಂದು ಗಾಡಿ ಅಲ್ಲ, ಎರಡು. 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರ್‌ನ ಸ್ವಂತ ನಂಬರು ಅದರ ಪಕ್ಕದಲ್ಲಿರಬೇಕು, ಎಳೆಯುವ ಟ್ರ್ಯಾಕ್ಟರ್‌ನ ನಂಬರೂ ಟ್ರೇಲರ್ ಮೇಲೆ ಕಾಣಬೇಕು. ಸಾಲಾಗಿ ಎರಡು ಟ್ರೇಲರ್ ಕಟ್ಟಿದ್ದರೆ ಕೊನೆಯದರ ಮೇಲೆ. ಮೋಟಾರು ವಾಹನ ಅಂದರೆ ಯಂತ್ರದ ಬಲದಿಂದ ರಸ್ತೆಯಲ್ಲಿ ಓಡುವಂಥದ್ದು ಅಂತ ಶುರುವಾಗುವ ವ್ಯಾಖ್ಯೆ, ಮುಂದೆ ಹೋಗಿ ಟ್ರೇಲರನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಇಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ, ಆದರೂ ಮೋಟಾರು ವಾಹನ! ಹಾಗಾಗಿ ಅದಕ್ಕೆ ಬೇರೆ ಆರ್‌ಸಿ ಬೇಕು, ಬೇರೆ ಇನ್ಶೂರೆನ್ಸ್ ಬೇಕು.

ಇದು 1988ರಲ್ಲಿ ಹೊಸದಾಗಿ ಹುಟ್ಟಿದ ಮಾತಲ್ಲ. ಬ್ರಿಟಿಷರ ಕಾಲದ 1939ರ ಕಾಯ್ದೆಯಲ್ಲೇ ಟ್ರೇಲರ್ ಮೋಟಾರು ವಾಹನವಾಗಿತ್ತು. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಮೈಸೂರು ಸಂಸ್ಥಾನದ ಊರುಗಳು. ಇಲ್ಲಿ ಫಸಲು ಸಾಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಗಾಡಿಗೆ ಕೀಲೆಣ್ಣೆ ಬೇಕಿತ್ತೇ ಹೊರತು ಆರ್‌ಸಿ ಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ 1930ರ ರಸ್ತೆ ಸಂಚಾರ ಕಾಯ್ದೆ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತ್ತು. ಅದೇ ದಾರಿಯಲ್ಲಿ 1939ರ ಕಾಯ್ದೆಯಲ್ಲೂ ವಿಮೆಯ ಅಧ್ಯಾಯ ಸೇರಿತು, ಆದರೆ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. 'ಥರ್ಡ್ ಪಾರ್ಟಿ' ಅಂತ ನಾವು ಬೇಸರದಿಂದ ಕಟ್ಟುವ ದುಡ್ಡಿನ ಮೂಲ ಅದು. ಗಾಡಿ ಯಾರದೋ, ಸಾಯುವವನು ಇನ್ಯಾರೋ. ಗಾಡಿಯವನ ಹತ್ತಿರ ದುಡ್ಡಿಲ್ಲದಿದ್ದರೆ ಸತ್ತವನ ಮನೆಯವರು ಎಲ್ಲಿಗೆ ಹೋಗಬೇಕು? ಆ ಪ್ರಶ್ನೆಗೆ ಸಿಕ್ಕ ಉತ್ತರ.

ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಮದ್ರಾಸಿನ ಟಾಫೆ, ಆಮೇಲೆ ಮಹೀಂದ್ರದವರ ಇಂಟರ್‌ನ್ಯಾಷನಲ್ ಬಂದವು. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಶುರುವಾಗಿ ಗದ್ದೆಗೆ ಪವರ್ ಟಿಲ್ಲರ್ ಕೊಟ್ಟಿತು. ಅದೇ ಅರವತ್ತರ ದಶಕದಲ್ಲಿ ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿ ಕಡೆಯ ಹೊಲಗಳನ್ನು ಗದ್ದೆ ಮಾಡಿತು. ಜಗಳೂರಿಗೆ ಆ ಭಾಗ್ಯ ಇರಲಿಲ್ಲ, ಅಲ್ಲಿ ಮಳೆ ನಂಬಿದ ಶೇಂಗಾ, ಆಮೇಲೆ ಮೆಕ್ಕೆಜೋಳ, ಈರುಳ್ಳಿ. ಆದರೂ ಟ್ರ್ಯಾಕ್ಟರ್ ಎರಡು ಕಡೆಗೂ ಬಂತು, ಟ್ರೇಲರ್ ಅದರ ಬಾಲ ಹಿಡಿದು ಬಂತು.

ಇಲ್ಲೊಂದು ಮಾತು ಹೇಳಬೇಕು. ಟ್ರ್ಯಾಕ್ಟರ್ ಇಟ್ಟವರನ್ನು ಕೇಳಿ ನೋಡಿ, ಉಳುಮೆ ಇರುವುದು ವರ್ಷದಲ್ಲಿ ಕೆಲವೇ ವಾರ. ಸಾಲದ ಕಂತು ಮಾತ್ರ ವರ್ಷವಿಡೀ ಇರುತ್ತದೆ. ಆ ಕಂತು ಕಟ್ಟುವುದು ಟ್ರೇಲರ್. ಗೊಬ್ಬರ, ಕೆರೆ ಮಣ್ಣು, ಕಬ್ಬು, ಹೊನ್ನಾಳಿ ಹೊಳೆ ಮರಳು, ಖೇಣಿ ಮನೆಗೆ ಅಡಿಕೆ ಗೊನೆ, ಭಟ್ಟಿಯಿಂದ ಇಟ್ಟಿಗೆ, ಜಾತ್ರೆಗೆ ಜನ, ಮದುವೆಗೆ ದಿಬ್ಬಣ. ಕಾನೂನಿನ ಪ್ರಕಾರ ಟ್ರ್ಯಾಕ್ಟರ್ ಅಂದರೆ ತಾನೇ ಭಾರ ಹೊರಲು ಕಟ್ಟಿದ್ದಲ್ಲದ ವಾಹನ. ಅಂದರೆ ದುಡಿಮೆಯೆಲ್ಲ ಹಿಂದಿನದ್ದು, ಹೆಸರು ಮಾತ್ರ ಮುಂದಿನದ್ದು. ಇನ್ಶೂರೆನ್ಸ್ ಕೂಡ ಹಾಗೇ ಆಯಿತು. ಹೊಸದು ತಂದ ವರ್ಷ ಎರಡಕ್ಕೂ ಕಟ್ಟುತ್ತಾರೆ. ಆಮೇಲೆ ಟ್ರ್ಯಾಕ್ಟರ್‌ಗೆ ಮಾತ್ರ. "ಅದ್ಕೇನ್ ಇಂಜಿನ್ ಐತೇನೋ ಮಾರಾಯಾ, ಸುಮ್ನೆ ದುಡ್ಡು ದಂಡ" ಅನ್ನುವ ಮಾತು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ತರ್ಕ ಸರಿಯಾಗೇ ಇದೆ, ಕಾನೂನು ಮಾತ್ರ ಹಾಗಿಲ್ಲ!

1989ರ ಜುಲೈ 1ರಿಂದ ಹೊಸ ಕಾಯ್ದೆ ಜಾರಿಗೆ ಬಂತು. ನಂಬರುಗಳು ಕೆಎ ಆದವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಶಿವಮೊಗ್ಗದ ಕೆಎ-14 ನಂಬರಿನ ಹಳೇ ಟ್ರ್ಯಾಕ್ಟರು ಕೆಎ-17ರ ಟ್ರೇಲರ್ ಎಳೆಯುವುದನ್ನು ಕಂಡರೆ ಜಿಲ್ಲೆಯ ಚರಿತ್ರೆಯೇ ರಸ್ತೆ ಮೇಲೆ ಹೋದ ಹಾಗೆ ಕಾಣುತ್ತದೆ ನನಗೆ.

ಇನ್ನು ಕೋರ್ಟಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

2005ರಲ್ಲಿ ನಟವರ್ ಪಾರಿಖ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಟ್ರೇಲರ್ ತಾನೇ ಒಂದು ಮೋಟಾರು ವಾಹನ, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸೇರಿದರೆ ಅದು ಸರಕು ಸಾಗಣೆ ವಾಹನ ಅಂದಿತು. ಅದು ಭಾರೀ ಯಂತ್ರ ಸಾಗಿಸುವವರ ವ್ಯಾಜ್ಯ, ನಮ್ಮ ರೈತರದ್ದಲ್ಲ. ಆದರೆ ಮಾತು ಎಲ್ಲ ಟ್ರೇಲರ್‌ಗಳ ಮೇಲೂ ಬಿತ್ತು. 2007ರ ಇನ್ನೊಂದು ಪ್ರಕರಣ ನಮ್ಮ ಊರಿನದ್ದೇ ಅನ್ನಿಸುವಂತಿದೆ. ಇಟ್ಟಿಗೆ ಭಟ್ಟಿಗೆ ಮಣ್ಣು ಹೊಡೆಯುವ ಟ್ರೇಲರ್‌ನಲ್ಲಿ ಹೋಗುತ್ತಿದ್ದ ಕೂಲಿಯೊಬ್ಬರಿಗೆ ಪೆಟ್ಟಾಯಿತು. ಟ್ರ್ಯಾಕ್ಟರ್‌ಗೆ ಬೇಸಾಯದ ಕೆಲಸಕ್ಕೆಂದು ವಿಮೆ ಇತ್ತು, ಟ್ರೇಲರ್‌ಗೆ ಇರಲಿಲ್ಲ. ವಿಮಾ ಕಂಪನಿ ಹೊಣೆಯಲ್ಲ ಅಂತ ಕೋರ್ಟ್ ಹೇಳಿತು. ಆದರೂ ಆತನ ಬಡತನ ನೋಡಿ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂದಿತು.

2023ರಲ್ಲೂ ಟ್ರೇಲರ್‌ಗೆ ಪ್ರತ್ಯೇಕ ವಿಮೆ ಬೇಕೆಂಬ ಮಾತೇ ಬಂತು. 2025ರ ಮೇ ತಿಂಗಳಲ್ಲಿ ಮಾತ್ರ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಬೇರೆ ದನಿ ಕೇಳಿಸಿತು. ಟ್ರೇಲರ್‌ಗೆ ವಿಮೆ ಇಲ್ಲದಿದ್ದರೂ ಅಪಘಾತಕ್ಕೆ ಕಾರಣವಾದದ್ದು ಎಳೆಯುತ್ತಿದ್ದ, ವಿಮೆಯಿದ್ದ ಟ್ರ್ಯಾಕ್ಟರ್, ಆದ್ದರಿಂದ ಅದರ ಕಂಪನಿಯೇ ಪರಿಹಾರ ಕೊಡಬೇಕು ಅಂತ. ಸತ್ತ ಕೂಲಿಯ ಮನೆಯವರಿಗೆ ದುಡ್ಡು ಸಿಗುವಂತಾಯಿತು, ಒಳ್ಳೆಯದೇ. ಆದರೆ ಹೀಗಾಗುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಅಪಘಾತ 2012ರಲ್ಲಿ, ಕೊನೆಯ ತೀರ್ಪು 2025ರಲ್ಲಿ. ಲೆಕ್ಕ ಹಾಕಿ.

ಲೈಸೆನ್ಸಿನ ತಕರಾರು ಇನ್ನೊಂದು. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಅಂತ 2001ರಲ್ಲೇ ತೀರ್ಮಾನವಾಗಿದೆ. ಅದರ ಚಿಂತೆ ಬಿಡಿ.

ಚಿಂತೆ ಇರುವುದು ಒಳಗೆ ಕೂತವರದ್ದು. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕಡೆ ರಸ್ತೆಗೆ ಬನ್ನಿ. ನಾಟಿಗೆ, ಕಳೆ ತೆಗೆಯಲಿಕ್ಕೆ, ಮೆಕ್ಕೆಜೋಳ ಮುರಿಯಲಿಕ್ಕೆ ಹೊರಟ ಹೆಣ್ಣಾಳುಗಳು ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡು ಟ್ರೇಲರ್ ತುಂಬ ಕೂತಿರುತ್ತಾರೆ. ಜಾಗ ಸಾಲದಿದ್ದರೆ ಇಬ್ಬರು ಮಡ್‌ಗಾರ್ಡ್ ಮೇಲೆ. ಟ್ರ್ಯಾಕ್ಟರ್‌ನಲ್ಲಿ ಸೀಟು ಇರುವುದು ಒಂದೇ, ಡ್ರೈವರ್‌ದು. 1994ರ ತಿದ್ದುಪಡಿ ಸರಕು ವಾಹನದಲ್ಲಿ ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಕೊಟ್ಟಿತು. ಸುಮ್ಮನೆ ಹತ್ತಿಕೊಂಡವರಿಗೆ ಅದು ಇಲ್ಲ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟ ಮಾಡಿತು. ಅಂದರೆ ಅಡಿಕೆ ಮೂಟೆ ಜೊತೆ ಕೂತ ಯಜಮಾನನಿಗೆ ದಾರಿ ಇದೆ. ಅದೇ ಟ್ರೇಲರ್‌ನಲ್ಲಿ ಕೂಲಿಗೆ ಹೊರಟ ಹೆಂಗಸಿಗೆ ಕಷ್ಟ. ಆಕೆ ವಾಹನ ಮಾಲೀಕನ ಆಳೇ ಅಂತ ಸಾಬೀತಾಗಬೇಕು, ಪಾಲಿಸಿಯಲ್ಲಿ ಅಂಥ ಆಳುಗಳಿಗೆ ರಕ್ಷಣೆ ಇರಬೇಕು. ದಿನಕ್ಕೊಂದು ಹೊಲಕ್ಕೆ ಹೋಗುವವಳು ಯಾರ ಆಳು?

ನಿಮ್ಮ ಮನೆಯಲ್ಲಿ, ಮಾವನ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಪಾಲಿಸಿ ಕಾಗದ ತೆಗೆದು ನೋಡಿ. ಟ್ರೇಲರ್ ನಂಬರು ಅಂತ ಒಂದು ಕಡೆ ಬರೆದಿರಬೇಕು, ಅದಕ್ಕೆ ಬೇರೆ ಪ್ರೀಮಿಯಂ ತೋರಿಸಿರಬೇಕು. ಕೂಲಿಯಾಳುಗಳಿಗೆ ಅಂತ ಏನಾದರೂ ಕಟ್ಟಿಸಿಕೊಂಡಿದ್ದಾರಾ ಅದನ್ನೂ ನೋಡಿ. ಆ ಜಾಗ ಖಾಲಿ ಇದ್ದರೆ ಏಜೆಂಟರನ್ನು ಕೇಳಿ.

ಅಂದ ಹಾಗೆ, ನಮ್ಮಲ್ಲಿ ಇದಕ್ಕೆ ಟ್ರೇಲರ್ ಅಂತೀವಿ, ಹಿರಿಯರ ಬಾಯಲ್ಲಿ 'ಟೇಲರ್'. ಉತ್ತರ ಕರ್ನಾಟಕದ ಗೆಳೆಯರು 'ಡಬ್ಬಿ' ಅಂತಾರೆ. ನಿಮ್ಮ ಊರಲ್ಲಿ ಏನಂತಾರೆ? ಅದರ ಮೇಲೆ ಎಷ್ಟು ನಂಬರು ಬರೆದಿರ್ತಾರೆ?