ವಿಗ್ರಹಾರಾಧನೆ: ಗುಡಿಯಿಂದ ಮನದವರೆಗೆ

ಕನ್ನಡ ಬೈಬಲಿನ 'ವಿಗ್ರಹಾರಾಧನೆ'ಗೆ ಮೂಲ ಗ್ರೀಕಿನ 'ಐಡೊಲೊಲಾಟ್ರಿಯ'. ಇದರ ಮೊದಲ ಭಾಗವಾದ 'ಐಡೊಲನ್'ಗೆ ಹೋಮರನ ಕಾವ್ಯಗಳಲ್ಲಿ ಸತ್ತವರ ಛಾಯೆ, ಪೊಳ್ಳು ರೂಪ ಎಂಬ ಅರ್ಥವಿತ್ತು. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದ ಯೆಹೂದ್ಯರು ಅನ್ಯದೇವತೆಗಳ ಮೂರ್ತಿಗಳಿಗೆ ಈ ಪದವನ್ನೇ ಹಚ್ಚಿದರು. ಎರಡನೆಯ ಭಾಗ 'ಲಾಟ್ರಿಯ' ಎಂದರೆ ಸೇವೆ, ಊಳಿಗ. ಪದದ ತೂಕವೆಲ್ಲ ಇರುವುದು ಇಲ್ಲಿಯೇ: ಯಾರ ಊಳಿಗ ನಡೆಯುತ್ತಿದೆ ಎಂಬುದು ಮುಖ್ಯ.

ಬೈಬಲಿನ ಅರಣ್ಯಕಾಂಡದ ತಾಮ್ರದ ಸರ್ಪ ಇದಕ್ಕೆ ಸಾಕ್ಷಿ. ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಅದನ್ನು ಮಾಡಿ ಕಂಬಕ್ಕೇರಿಸಿದ್ದು ದೇವರ ಅಪ್ಪಣೆಯಿಂದಲೇ. ಶತಮಾನಗಳು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದರು; ಯೆಹೂದದ ಅರಸ ಹಿಜ್ಕೀಯ ಅದನ್ನು ಒಡೆದು ಚೂರುಮಾಡಿಸಿದ. ಲೋಹ ಅದೇ, ರೂಪವೂ ಅದೇ. ಬದಲಾದದ್ದು ಜನರ ನಂಬಿಕೆ.

ಹೊಸ ಒಡಂಬಡಿಕೆಯಲ್ಲಿ ಪದದ ಹರವು ಹಿಗ್ಗಿತು. ಕೊಲೊಸ್ಸೆಯವರಿಗೆ ಬರೆದ ಪತ್ರ ದುರಾಸೆಯನ್ನೂ ವಿಗ್ರಹಾರಾಧನೆ ಎನ್ನುತ್ತದೆ. ಅಲ್ಲಿಗೆ ಮೂರ್ತಿಯೇ ಇಲ್ಲದ ಮನೆಯೂ ಇದರಿಂದ ಹೊರತಲ್ಲ ಎಂದಾಯಿತು. 1529ರ ದೊಡ್ಡ ಪ್ರಶ್ನೋತ್ತರಿಯಲ್ಲಿ ಮಾರ್ಟಿನ್ ಲೂಥರ್ ಹಣ, ವಿದ್ಯೆ, ಅಧಿಕಾರಗಳನ್ನು ನೆಚ್ಚಿ ನಿಶ್ಚಿಂತರಾಗಿರುವವರನ್ನೂ ಈ ಸಾಲಿಗೆ ಸೇರಿಸಿದ.

ಆರಾಧನೆಯಲ್ಲಿ ಚಿತ್ರ, ಪ್ರತಿಮೆಗಳು ಇರಬಹುದೇ ಎಂಬ ವಿಷಯದಲ್ಲಿ ಕ್ರೈಸ್ತ ಸಭೆಗಳು ಒಮ್ಮತಕ್ಕೆ ಬಂದಿಲ್ಲ. 787ರ ಎರಡನೆಯ ನೈಸಿಯಾ ಮಹಾಸಭೆ ಪವಿತ್ರ ಚಿತ್ರಗಳಿಗೆ ಗೌರವ ಸಲ್ಲಬಹುದು, 'ಲಾಟ್ರಿಯ' ಮಾತ್ರ ದೇವರೊಬ್ಬನಿಗೇ ಎಂದು ಗೆರೆ ಎಳೆಯಿತು. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳು ಈ ಗೆರೆಯನ್ನು ಒಪ್ಪುತ್ತವೆ. 1524ರಲ್ಲಿ ಜ್ಯೂರಿಚ್‌ನ ಸುಧಾರಕರು ಚರ್ಚುಗಳಿಂದ ಪ್ರತಿಮೆಗಳನ್ನೇ ತೆಗೆಸಿದರು. ದಶಾಜ್ಞೆಗಳ ಎಣಿಕೆಯಲ್ಲೂ ಭೇದವುಂಟು: ಮೂರ್ತಿಯ ನಿಷೇಧ ಕಥೋಲಿಕರಿಗೂ ಲೂಥರನ್ನರಿಗೂ ಮೊದಲ ಆಜ್ಞೆಯ ಭಾಗ, ಆರ್ಥೊಡಾಕ್ಸರಿಗೂ ರಿಫಾರ್ಮ್ಡ್ ಸಭೆಗಳಿಗೂ ಅದು ಪ್ರತ್ಯೇಕ ಎರಡನೆಯ ಆಜ್ಞೆ.

ಕ್ರೈಸ್ತ ಬಾಳಿನಲ್ಲಿ ವಿಗ್ರಹಾರಾಧನೆಯಿಂದ ದೂರವಿರುವುದೆಂದರೆ, ಆದ್ದರಿಂದ, ಒಳ್ಳೆಯ ವಸ್ತುಗಳನ್ನು ಅವುಗಳ ಜಾಗದಲ್ಲಿಯೇ ಇಡುವುದು. ಸಂಪಾದನೆ, ಮನೆತನ, ಮಕ್ಕಳ ಏಳಿಗೆ, ಹೆಸರುವಾಸಿ ಬೋಧಕ, ಸಭೆಯ ಭವ್ಯ ಕಟ್ಟಡ ಇವೆಲ್ಲ ದೇವರ ವರಗಳೇ. ಇವಿಲ್ಲದೆ ಬದುಕೇ ಇಲ್ಲವೆನಿಸಿದಾಗ, ಇವುಗಳಿಗಾಗಿ ಸುಳ್ಳು ಅನ್ಯಾಯಗಳಿಗೂ ಮನಸ್ಸು ಒಗ್ಗಿದಾಗ, ಊಳಿಗದ ಒಡೆಯ ಬದಲಾಗಿರುತ್ತಾನೆ. ಪಾಪನಿವೇದನೆಯಲ್ಲಿ ಆ ಆಸೆಯನ್ನು ಹೆಸರಿಟ್ಟು ಹೇಳುವುದು, ಕಾಣಿಕೆಯಲ್ಲಿ ಹಣದ ಹಿಡಿತ ಸಡಿಲಿಸುವುದು, ವಾರಕ್ಕೊಂದು ದಿನ ದುಡಿಮೆಯನ್ನು ಬದಿಗಿಡುವುದು ಸಭೆಗಳು ರೂಢಿಸಿಕೊಂಡು ಬಂದ ಮದ್ದುಗಳು.