ಸಾವಿನ ಮರ, ಸ್ವತಂತ್ರ ಮರ

ಚಳಿಗಾಲದಲ್ಲೂ ಹಸಿರಳಿಯದೆ ಗೋಪುರದಂತೆ ನೆಟ್ಟಗೆ ನಿಲ್ಲುವ ಸೈಪ್ರೆಸ್ ಮರ ರೋಮನರಿಗೆ ಸಾವಿನ ಗುರುತಾಗಿತ್ತು. ಸೂತಕದ ಮನೆಯ ಬಾಗಿಲಿಗೆ ಅದರ ಕೊಂಬೆಯನ್ನಿಡುತ್ತಿದ್ದರು. ಒಮ್ಮೆ ಕಡಿದರೆ ಮತ್ತೆ ಚಿಗುರದ ಕಾರಣ ಅದು ಪಾತಾಳದೊಡೆಯ ಪ್ಲೂಟೋವಿಗೆ ಮೀಸಲೆಂದು ಅವರ ಪಂಡಿತರು ಹೇಳಿದರು. ಗ್ರೀಕರ ಕಥೆಯೂ ದುಃಖದ್ದೇ: ಅಕ್ಕರೆಯ ಜಿಂಕೆಯನ್ನು ಅರಿಯದೆ ಕೊಂದ ಸೈಪರಿಸಸ್ ಎಂಬ ಹುಡುಗ, ಎಂದೆಂದಿಗೂ ಶೋಕಿಸುವಂತಾಗಲೆಂದು ಬೇಡಿ ಈ ಮರವಾದನಂತೆ.

ಪರ್ಷಿಯದಲ್ಲಿ ಈ ಅರ್ಥವೇ ತಿರುಗಿಬಿಟ್ಟಿತು. ಅಲ್ಲಿ ಅದು 'ಸರ್ವ್'. ನಲ್ಲೆಯ ನೀಳ ನಿಲುವಿಗೆ ಕವಿಗಳ ಉಪಮಾನ. ಹಣ್ಣಿನ ಹೊರೆಯಿಲ್ಲ, ಋತುವಿನ ಹಂಗಿಲ್ಲ. ಆದುದರಿಂದಲೇ ಅದು ಸ್ವತಂತ್ರ ವೃಕ್ಷವೆಂಬ ವಿವರಣೆ 1258ರಲ್ಲಿ ಸಾದಿ ಬರೆದ 'ಗುಲಿಸ್ತಾನ್'ದಲ್ಲಿದೆ.

ಖೊರಾಸಾನಿನ ಕಾಶ್ಮರ್‌ನಲ್ಲಿ ಜರತುಷ್ಟ್ರನೇ ನೆಟ್ಟನೆಂದು ಜನ ನಂಬಿದ್ದ ಸರ್ವ್ ಒಂದಿತ್ತು. ಖಲೀಫ ಮುತವಕ್ಕಿಲ್ ಸಾಮರ್ರಾದ ಅರಮನೆಗಾಗಿ ಅದನ್ನು ಕಡಿಸಿದನೆಂದೂ, ದಿಮ್ಮಿಗಳು ತಲುಪುವ ಮುನ್ನವೇ ಹತನಾದನೆಂದೂ ಐತಿಹ್ಯ. 861ರಲ್ಲಿ ಅವನ ಕೊಲೆಯಾದುದಂತೂ ಚರಿತ್ರೆಯ ಮಾತು.

ಕಾಶ್ಮರ್‌ನ ಬುಡ ಮರಳಿ ಚಿಗುರಲಿಲ್ಲ. ರೋಮನರ ಮಾತು ಅಷ್ಟರಮಟ್ಟಿಗೆ ನಿಜ. ಆದರೆ ಅದರ ಕಥೆ ಸಾವಿರ ವರ್ಷ ದಾಟಿ ಉಳಿದಿದೆ. ಯಜ್ದ್ ಪ್ರಾಂತದ ಅಬರ್‌ಕೂಹ್‌ನಲ್ಲಿ ಸಾವಿರಾರು ವರ್ಷದ್ದೆನ್ನಲಾದ ಇನ್ನೊಂದು ಸರ್ವ್ ಇಂದಿಗೂ ಹಸಿರಾಗಿ ನಿಂತಿದೆ. ಅದನ್ನು ನೆಟ್ಟವನೂ ಜರತುಷ್ಟ್ರನೇ ಎನ್ನುವವರುಂಟು.