ಚಕ್ರವರ್ತಿಗಳ ಹೆಗಲ ಮೇಲಿನ ಅರಬಿ ಅಕ್ಷರಗಳು

ಯುರೋಪಿನ ಕ್ರೈಸ್ತ ಚಕ್ರವರ್ತಿಗಳು ಪಟ್ಟಾಭಿಷೇಕದ ದಿನ ಧರಿಸುತ್ತಿದ್ದ ವಸ್ತ್ರದ ಅಂಚಿನಲ್ಲಿ ಅರಬಿ ಬರಹವೂ ಹಿಜರಿ ಇಸವಿಯೂ ಇವೆಯೆಂದರೆ ನೀವು ನಂಬುವಿರಾ? ಆ ವಸ್ತ್ರ ಇಂದಿಗೂ ಆಸ್ಟ್ರಿಯಾದ ವಿಯೆನ್ನಾ ನಗರದ ಹೋಫ್‌ಬರ್ಗ್ ಅರಮನೆಯ ಖಜಾನೆಯಲ್ಲಿದೆ.

ಅದು ಹೆಗಲಿನಿಂದ ಇಳಿಬಿಡುವ ಅರ್ಧವೃತ್ತಾಕಾರದ ಮೇಲುವಸ್ತ್ರ. ಅಗಲ ಸುಮಾರು 3.4 ಮೀಟರ್. ಕೆಂಪು ರೇಷ್ಮೆಯ ಮೇಲೆ ಚಿನ್ನದ ನೂಲಿನ ಕಸೂತಿ, ಸಾವಿರಾರು ಮುತ್ತುಗಳು. ನಡುವೆ ಒಂದು ಖರ್ಜೂರದ ಮರ, ಅದರ ಎರಡೂ ಬದಿಗೆ ಒಂಟೆಯನ್ನು ಕೆಡವಿ ನಿಂತ ಸಿಂಹಗಳು. ಕೆಳಗಿನ ಅಂಚಿನ ಉದ್ದಕ್ಕೂ ಕೂಫೀ ಲಿಪಿಯ ಬರಹ. ಒಡೆಯನಿಗೆ ಸೌಭಾಗ್ಯ, ಗೌರವ, ದೀರ್ಘಾಯುಷ್ಯವನ್ನು ಹಾರೈಸುವ ಆ ಬರಹ, ಸಿಸಿಲಿಯ ರಾಜಧಾನಿಯಲ್ಲಿ ಅರಸನ ಕಾರ್ಯಾಗಾರದಲ್ಲಿ ಹಿಜರಿ 528ರಲ್ಲಿ ಇದು ಸಿದ್ಧವಾಯಿತೆಂದು ತಿಳಿಸುತ್ತದೆ. ಅಂದರೆ ಕ್ರಿ.ಶ. 1133-34.

ಆಗ ಸಿಸಿಲಿಯನ್ನು ಆಳುತ್ತಿದ್ದವನು ನಾರ್ಮನ್ ದೊರೆ ಎರಡನೇ ರೋಜರ್. ನಾರ್ಮನ್ನರು 1072ರಲ್ಲಿ ಪಲೆರ್ಮೊ ನಗರವನ್ನು ಮುಸ್ಲಿಮರಿಂದ ಗೆದ್ದಿದ್ದರು. ಆದರೆ ಅಲ್ಲಿನ ವಿದ್ಯೆ ಮತ್ತು ಕಸುಬನ್ನು ಉಳಿಸಿಕೊಂಡರು. ಭೂಗೋಳ ಪಂಡಿತ ಅಲ್ ಇದ್ರೀಸಿ 1154ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಮುಗಿಸಿದ್ದು ಇದೇ ರೋಜರನಿಗಾಗಿ. ಅರಸನ ಹೆಸರು, ಹಾರೈಕೆಗಳನ್ನು ಬಟ್ಟೆಯ ಮೇಲೆ ಮೂಡಿಸುವ ಕಾರ್ಯಾಗಾರಕ್ಕೆ ಇಸ್ಲಾಮಿ ಜಗತ್ತಿನಲ್ಲಿ ತಿರಾಝ್ ಎಂಬ ಹೆಸರಿತ್ತು. ರೋಜರನ ಮೊಮ್ಮಗನ ಕಾಲದಲ್ಲಿ ಸಿಸಿಲಿಗೆ ಬಂದ ಯಾತ್ರಿಕ ಇಬ್ನ್ ಜುಬೈರ್, ಅರಸನ ತಿರಾಝ್‌ನಲ್ಲಿ ಚಿನ್ನದ ಕಸೂತಿ ಮಾಡುತ್ತಿದ್ದ ಯಹ್ಯಾ ಎಂಬ ಕುಶಲಿಯನ್ನು ಹೆಸರಿಸಿದ್ದಾನೆ.

ಈ ವಸ್ತ್ರ ಕೈ ಬದಲಿಸಿದ್ದು ಮದುವೆಯ ಮೂಲಕ. ರೋಜರನ ಮಗಳು ಕಾನ್‌ಸ್ಟೆನ್ಸ್ 1186ರಲ್ಲಿ ಜರ್ಮನ್ ರಾಜಕುಮಾರ ಹೆನ್ರಿಯನ್ನು ವರಿಸಿದಳು. 1194ರಲ್ಲಿ ಸಿಸಿಲಿ ಅವನದಾಯಿತು. ಮೇಲುವಸ್ತ್ರ ಪವಿತ್ರ ರೋಮನ್ ಚಕ್ರವರ್ತಿಗಳ ಪಟ್ಟಾಭಿಷೇಕದ ಉಡುಪಾಗಿ 18ನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಒಳಗಿನ ಅಸ್ತರಿಗೆ ನಂತರದ ಕಾಲದ ಬಟ್ಟೆಗಳು ಸೇರಿದವು.

ಬಟ್ಟೆಗಿಂತ ಹೆಚ್ಚಾಗಿ ಬದಲಾದದ್ದು ಅದರ ಕಥೆ. ಇದು ಚಕ್ರವರ್ತಿ ಶಾರ್ಲಮೇನನದೆಂದು ಜನ ಬಹುಕಾಲ ನಂಬಿದ್ದರು. ಅವನು ತೀರಿಹೋದದ್ದು 814ರಲ್ಲಿ! ರೋಜರ್ ತನ್ನ ಪಟ್ಟಾಭಿಷೇಕಕ್ಕೇ ಇದನ್ನು ಮಾಡಿಸಿದನೆಂಬ ಮಾತೂ ನಿಲ್ಲುವುದಿಲ್ಲ. ಅವನಿಗೆ ಪಟ್ಟವಾದದ್ದು 1130ರಲ್ಲಿ. ಎರಡೂ ಕಥೆಗಳನ್ನು ಸುಳ್ಳಾಗಿಸಲು ಅಂಚಿನಲ್ಲಿರುವ ಒಂದು ಇಸವಿ ಸಾಕು.

ಇನ್ನೊಂದು ಸಂಗತಿಯನ್ನು ನೀವು ಮರೆಯಬಾರದು. ಕಾನ್‌ಸ್ಟೆನ್ಸಳ ಮಗ ಎರಡನೇ ಫ್ರೆಡರಿಕ್ 1220ರಲ್ಲಿ ಚಕ್ರವರ್ತಿಯಾದ. ಅವನೂ ಅರಬಿ ವಿದ್ಯೆಯನ್ನು ಮೆಚ್ಚಿದವನೇ. ಆದರೂ ಅದೇ ದಶಕದಲ್ಲಿ ಅವನು ಸಿಸಿಲಿಯ ಮುಸ್ಲಿಮರನ್ನು ದಕ್ಷಿಣ ಇಟಲಿಯ ಲುಚೇರಾಕ್ಕೆ ಸಾಗಿಸತೊಡಗಿದ. 1300ರಲ್ಲಿ ಆ ನೆಲೆಯೂ ನಾಶವಾಯಿತು, ಉಳಿದವರು ಗುಲಾಮರಾಗಿ ಮಾರಾಟವಾದರು. ಕಸೂತಿ ಜೋಪಾನವಾಗಿ ಉಳಿಯಿತು, ಕಸೂತಿ ಮಾಡಿದವರ ಸಮುದಾಯ ಉಳಿಯಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಹಳೆಯ ಲಿಪಿಯೊಂದನ್ನು ಓದಲು ಕಲಿತರೆ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ಈ ವಸ್ತ್ರದ ಅಂಚನ್ನು ನೆನಪಿಸಿ. ಎಷ್ಟೋ ಅರಸರು ಅದನ್ನು ಹೊದ್ದು ನಡೆದರು. ಅದರ ಹುಟ್ಟೂರು, ಹುಟ್ಟಿದ ವರ್ಷ ಮಾತ್ರ ಅರಬಿ ಬಲ್ಲವರಿಗೇ ತಿಳಿಯಿತು.